ಆ ಬೇಸಿಗೆಯ ಕಪ್ಪು ಜಾಳಿಗೆ

ಹೋದ ವಾರ ಮಾಳಮಡ್ಡಿಯ ಒಂದು ಮನೆಗೆ ಎ.ಸಿ. ಸರ್ವಿಸ್ ಮಾಡಲು ಹೋಗಿದ್ದೆ. ಸ್ಟೂಲು ಹತ್ತಿ, ಮಷೀನಿನ ಮುಚ್ಚಳ ಎತ್ತಿ, ಒಳಗಿನ ಫಿಲ್ಟರ್ ಜಾಳಿಗೆಯನ್ನು ಹೊರಗೆ ಎಳೆದೆ ನೋಡಿ, ಸುಟ್ಟ ಅಜವಾನ ಮತ್ತು ಲೋಬಾನದ ವಾಸನೆ ಮೂಗಿಗೆ ಬಂದು ಬಡಿಯಿತು. ಸ್ಟೂಲಿನಿಂದ ಇಳಿದು ಆ ಮನೆಯ ಹಿರಿಯ ಹೆಣ್ಣುಮಗಳನ್ನು ಕೇಳಿದೆ.

"ಅಕ್ಕಾರ, ಈ ಕೋಣ್ಯಾಗ ಬಾಣಂತಿ ಇರ್ತಾರೇನ್ರಿ?"

"ಹೌದ್ರಿ, ನಮ್ಮ ಮಗಳು. ಈಗ ಜಳಕಕ್ಕ ಹೋಗ್ಯಾಳ. ನಿಮಗ ಹೆಂಗ ಗೊತ್ತಾತ್ರಿ?"

ಬಗ್ಗಿ ಮಂಚದ ಕೆಳಗೆ ನೋಡಿದೆ. ಕೆಂಡದ ಶೆಗಡಿ ಅಲ್ಲಿಯೇ ಇತ್ತು, ಮೇಲೆ ಬೂದಿ ಕಟ್ಟಿತ್ತು. ಯಾರನ್ನೂ ಕೇಳದೆ ಎರಡೂ ಕಿಟಕಿ ತೆರೆದೆ. ಶೆಗಡಿಯನ್ನು ಅದರ ಹಿಡಿಕೆ ಹಿಡಿದು ಎತ್ತಿ ಹಿತ್ತಲಿಗೆ ಒಯ್ದು ಇಟ್ಟುಬಂದೆ. ಆ ತಾಯಿಗೆ ನನ್ನನ್ನು ಬೈಯಬೇಕೋ ಪೊಲೀಸರಿಗೆ ಫೋನು ಮಾಡಬೇಕೋ ತಿಳಿಯದಾಯಿತು. "ಕಿಡಕಿ ತೆಗದ್ರ ಧೂಳ ಬರ್ತದಲ್ರಿ" ಎಂದರು. "ಬರಲಿ ಬಿಡ್ರಿ ಅಕ್ಕಾರ, ಧೂಳ ಬರಲಿ" ಎಂದೆ. ಇಪ್ಪತ್ತು ವರ್ಷ ಧೂಳನ್ನೇ ವೈರಿ ಎಂದು ಊರೆಲ್ಲ ಸಾರಿಕೊಂಡು ಬಂದವನು ನಾನು. ಆಮೇಲೆ ಕುಳಿತು ಅವರಿಗೆ ಎಲ್ಲ ಹೇಳಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಅವರಿಗೆ ಹೇಳಲಾಗದೆ ಉಳಿದದ್ದನ್ನೂ ಬರೆಯುತ್ತೇನೆ.

ನನ್ನ ಕಸುಬು ಎ.ಸಿ. ರಿಪೇರಿ. ಮನೆ ಉಣಕಲ್ಲಿನಲ್ಲಿ. ಹುಬ್ಬಳ್ಳಿ-ಧಾರವಾಡದಲ್ಲಿ ಈ ಕಸುಬಿನವನಿಗೆ ಅನ್ನ ಹಾಕುವುದು ಬಿಸಿಲಿಗಿಂತ ಹೆಚ್ಚಾಗಿ ಧೂಳು. ಒಂದು ರಸ್ತೆ ಮುಗಿಯುವುದರೊಳಗೆ ಇನ್ನೊಂದನ್ನು ಅಗೆಯುತ್ತಾರೆ. ಯಾರ ಮನೆಯ ಮಷೀನು ಬಿಚ್ಚಿದರೂ ಜಾಳಿಗೆಯ ಮೇಲೆ ಕೆಂಪು ಮಣ್ಣಿನ ಕಂಬಳಿ. ಅದನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಸಾವಿರಾರು ರೂಪಾಯಿ ಸುರಿದು ಮಷೀನು ತರುತ್ತಾರೆ, ನಳದ ಕೆಳಗೆ ಎರಡು ನಿಮಿಷ ಜಾಳಿಗೆ ಹಿಡಿಯಲಿಕ್ಕೆ ಮೈಗಳ್ಳತನ. ಹೀಗಾಗಿ ಹೋದ ಮನೆಯಲ್ಲೆಲ್ಲ ನನ್ನ ಪಾಠ ನಡೆಯುತ್ತಿತ್ತು.

"ಎರಡು ವಾರಕ್ಕೊಮ್ಮೆ ತೆಗೀರಿ. ಧೂಳ ಕುಂತ ಮಗ್ಗಲಕ್ಕಲ್ಲ, ಹಿಂದಿನ ಮಗ್ಗಲಕ್ಕ ನೀರ ಬಿಡ್ರಿ, ಕಸ ತಾನ ಹೊರಗ ಬೀಳ್ತೈತಿ. ಬಿಸಿನೀರ ಹಾಕಬ್ಯಾಡ್ರಿ, ಸೊಟ್ಟ ಆಗ್ತೈತಿ. ನೆರಳಾಗ ಒಣಗಸ್ರಿ. ಹಸೀದ ಹಾಕಿದ್ರ ಬೂಸು ಹಿಡದು ಅದ ಗಾಳಿ ನಿಮ್ಮ ಮೂಗಿಗೆ ಬರತೈತಿ, ಆಮ್ಯಾಲ ಸೀನಿಕೋಂತ ನನಗ ಫೋನ್ ಮಾಡಬ್ಯಾಡ್ರಿ."

ಫಿಲ್ಟರ್ ಆರಿಸುವ ವಿಷಯದಲ್ಲಂತೂ ನಾನು ಯಾರ ಮಾತನ್ನೂ ಕೇಳುವವನಲ್ಲ. ದಮ್ಮು ಇದ್ದವರ ಮನೆಗೆ ಸಣ್ಣ ಕಣ್ಣಿನದು, ಒಗ್ಗರಣೆಯ ಘಾಟು ಹೊಕ್ಕುವ ಕೋಣೆಗೆ ಇದ್ದಿಲ ಪುಡಿಯ ಪದರು ಇರುವ ಕಾರ್ಬನ್ ಫಿಲ್ಟರ್. ಸಣ್ಣ ಮಷೀನಿಗೆ ದಪ್ಪ ಫಿಲ್ಟರ್ ತುರುಕಿದರೆ ಗಾಳಿ ಆಡದೆ ಮಷೀನೇ ಏದುಸಿರು ಬಿಡುತ್ತದೆ ಎಂದು ಹೇಳಿ, ಜನ ಕೊಳ್ಳುತ್ತೇನೆಂದರೂ ಮಾರದೆ ವಾಪಸು ಬಂದದ್ದುಂಟು. ನನ್ನ ಹೆಂಡತಿ ಸುನಂದಾ ಇದಕ್ಕೆ ನನಗೆ ‘ಜಾಳಗಿ ಸ್ವಾಮಿ’ ಎಂದು ಹೆಸರಿಟ್ಟಿದ್ದಳು. ಮನೆಗೆ ಯಾರಾದರೂ ಬಂದು ಸೀನಿದರೆ ಸಾಕು, "ಆತು, ಸ್ವಾಮಿಗೋಳ ಪ್ರವಚನ ಸುರು ಆತು, ಚಾ ಇಡ್ತೇನಿ" ಎನ್ನುತ್ತಿದ್ದಳು.

ನನ್ನ ಪಾಠವನ್ನು ಕೇಳದ ಒಬ್ಬಳೇ ಒಬ್ಬಳೆಂದರೆ ನಮ್ಮ ಅವ್ವ. ಗರಗದವಳು. ಹುಡುಗಿಯಿದ್ದಾಗ ಖಾದಿ ನೂತವಳು, ಅರಳೆಯ ಎಳೆ ಕೈಗೆ ಸಿಕ್ಕರೆ ಮುಪ್ಪಿನಲ್ಲೂ ಬೆರಳು ಸುಮ್ಮನಿರುತ್ತಿರಲಿಲ್ಲ. ನಾನು ತೊಳೆಯಲಿಕ್ಕೆ ಇಟ್ಟ ಜಾಳಿಗೆಯಿಂದ ಧೂಳಿನ ಎಳೆ ಬಿಡಿಸಿ ಹೊಸೆದು, "ಇದರಾಗ ದೀಪದ ಬತ್ತಿ ಮಾಡಬೋದಲ್ಲೋ" ಎಂದು ನಗುತ್ತಿದ್ದಳು. ಬಿಸಿನೀರು ಬೇಡ ಎಂದರೆ ಬಿಸಿನೀರನ್ನೇ ಹೊಯ್ಯುತ್ತಿದ್ದಳು. ಮೊಣಕಾಲಿಗೆ ಡಾಕ್ಟರು ಬೇಡ, ಬಿ.ಪಿ. ಗುಳಿಗೆ ಬೇಡ, ಆಟೋ ಬೇಡ. ನಾನು ದನಿ ಏರಿಸಿದರೆ, "ನೀ ನನ್ನ ಹೊಟ್ಟ್ಯಾಗಿಂದ ಬಂದೀಯೋ, ನಾ ನಿನ್ನ ಹೊಟ್ಟ್ಯಾಗಿಂದ ಬಂದೇನೋ?" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಿದ್ದಳು.

ಆ ವರ್ಷ ಯುಗಾದಿಯ ಮರುವಾರ ನಮ್ಮ ಒಬ್ಬಳೇ ಮಗಳು ಅಕ್ಷತಾ ಹಡೆದಳು. ಹೆಣ್ಣುಕೂಸು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಲ್ಲ, ಆಸ್ಪತ್ರೆಯಿಂದ ಸೀದಾ ಉಣಕಲ್ಲಿಗೆ ಕರೆತಂದೆವು. ಅಳಿಯ ಬೆಳಗಾವಿಯಲ್ಲಿ ನೌಕರಿಯಲ್ಲಿದ್ದ, ಆದಿತ್ಯವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಬಿಸಿಲೋ, ಹೆಂಚಿನ ಮೇಲೆ ಕುಳಿತಂತಿತ್ತು. ಮೇಲಾಗಿ ನಮ್ಮ ಮನೆಯ ಮುಂದಿನ ಓಣಿಯನ್ನು ಗಟಾರಿನ ಪೈಪು ಹಾಕಲಿಕ್ಕೆಂದು ಆಳೆತ್ತರ ಅಗೆದಿದ್ದರು. ಟಿಪ್ಪರು ಹಾದುಹೋದರೆ ಕಟ್ಟೆಯ ಮೇಲಿನ ತುಳಸಿ ಕೆಂಪಾಗಿ ನಿಲ್ಲುತ್ತಿತ್ತು. ಇಂಥದರಲ್ಲಿ ಎಳೆಕೂಸು. ನಾನು ಬಿಡುತ್ತೇನೆಯೇ?

ಬಾಣಂತಿ ಕೋಣೆಗೆ ಹೊಸ ಎ.ಸಿ. ಕೂರಿಸಿದೆ. ಗೋಡೆಯ ಮೇಲಿದ್ದ ಗಾಳಿಕಿಂಡಿಗೆ ಥರ್ಮಾಕೋಲ್ ಹಚ್ಚಿ ಟೇಪು ಸುತ್ತಿದೆ. ಕಿಟಕಿಯ ಸಂದಿಗೆಲ್ಲ ಫೋಮಿನ ಪಟ್ಟಿ ಅಂಟಿಸಿದೆ. ಬಾಗಿಲ ಕೆಳಗೆ ಹಾಸಲು ಹಳೆಯ ಚಾದರ ಸುರುಳಿ ಸುತ್ತಿ ಕೊಟ್ಟೆ. ಆಮೇಲೆ ಅವ್ವ, ಸುನಂದಾ, ಅಕ್ಷತಾ ಮೂವರನ್ನೂ ನಿಲ್ಲಿಸಿ ಆಜ್ಞೆ ಮಾಡಿದೆ. "ಈ ಕಿಡಕಿಗೆ ಯಾರರೆ ಕೈ ಹಚ್ಚಿದ್ರ ಕೈ ಮುರೀತೇನಿ ನೋಡ್ರಿ. ಒಂದು ಸಲ ತೆಗದ್ರ ಸಾಕು, ಕೂಸಿನ ಎದಿಗೆ ಈ ಓಣ್ಯಾನ ಮಣ್ಣೆಲ್ಲಾ ಹೋಗತೈತಿ, ಫಿಲ್ಟರೂ ಹಾಳಾಗತೈತಿ." ಅಕ್ಷತಾ ನಕ್ಕು, "ಆತು ಬಿಡಪ್ಪಾ" ಎಂದಳು. ಅವ್ವ ಮೂಗು ಮುರಿದಳು.

ಅವ್ವನಿಗೆ ಧೂಳಿನ ಚಿಂತೆ ಇರಲಿಲ್ಲ, ಥಂಡಿಯ ಚಿಂತೆ ಇತ್ತು. ನಮ್ಮ ಕಡೆ ಬಾಣಂತಿ ಎಂದರೆ ಮೈ ಕಾಸಬೇಕು. ಎರೆದುಕೊಂಡು ಬಂದ ಮೇಲೆ ಅವಳ ಹೊರಸಿನ ಕೆಳಗೆ ಶೆಗಡಿ ಇಡುತ್ತಾರೆ. ಶೆಗಡಿ ಎಂದರೆ ಇದ್ದಿಲು ಹಾಕುವ ಕಬ್ಬಿಣದ ಸಣ್ಣ ಒಲೆ. ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸಿ ತಾಯಿಗೂ ಕೂಸಿಗೂ ಹೊಗೆ ಕೊಡುತ್ತಾರೆ. ಅವ್ವ ಗರಗದಲ್ಲಿ ಎಷ್ಟೋ ಬಾಣಂತನ ಮಾಡಿದವಳು, ಒಬ್ಬರಿಗೂ ಒಂದು ಸೀನೂ ಬಂದಿರಲಿಲ್ಲ. ಇಲ್ಲಿ ನೋಡಿದರೆ ಮೊಮ್ಮಗಳು ಎ.ಸಿ. ಹಚ್ಚಿಕೊಂಡು ಮಲಗಿದ್ದಾಳೆ.

"ಹಸೀ ಬಾಣಂತಿಗೆ ಥಂಡಿ ಬಡದ್ರ ಜೀವಾನ ತಿಂತೈತೋ ತಮ್ಮಾ. ಆರಸು ಇದನ್ನ."

"ಆಯಿ, ಆರಿಸಿದ್ರ ನಾ ಕುದ್ದು ಸಾಯ್ತೇನಿ" ಎಂದು ಅಕ್ಷತಾ ಅತ್ತಳು. ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು.

ಅವ್ವ ಮಷೀನನ್ನು ಆರಿಸಲಿಲ್ಲ, ಕೆಂಡ ಹೆಚ್ಚಿಸಿದಳು. ಎರಡು ಹೊತ್ತು ಇಡಬೇಕಾದ ಶೆಗಡಿ ದಿನವೆಲ್ಲ ಹೊರಸಿನ ಕೆಳಗೆ ಕುಳಿತಿತು. "ಎರಡ ಹೊತ್ತ ಸಾಕವಾ" ಎಂದು ನಾನು ಒಮ್ಮೆ ಹೇಳಿದರೂ ಕೇಳಲಿಲ್ಲ. ಕೆಂಡದ ಕಾವಿಗೆ ಕೋಣೆ ಬಿಸಿಯಾದರೆ ಅಕ್ಷತಾ ರಿಮೋಟು ಒತ್ತಿ ಥಂಡಿ ಏರಿಸುವಳು, ಥಂಡಿ ಏರಿದರೆ ಅವ್ವ ಎದ್ದು ಇದ್ದಿಲು ಹಾಕುವಳು. ಇಬ್ಬರ ಈ ಹಗ್ಗಜಗ್ಗಾಟ ನೋಡಿ ಸುನಂದಾ ಮತ್ತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಈಗ ಆ ನಗೆ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಐದನೆಯ ದಿನ ಜಾಳಿಗೆ ತೆಗೆದು ನೋಡಿದೆ. ಕೆಂಪಾಗಿರಬೇಕಾದದ್ದು ಕಪ್ಪಾಗಿತ್ತು. ಬೆರಳಿಟ್ಟರೆ ಕಾಡಿಗೆಯಂತೆ ಅಂಟಿತು. ಇಪ್ಪತ್ತು ವರ್ಷದಲ್ಲಿ ಅಷ್ಟು ಬೇಗ ಅಷ್ಟು ಕಪ್ಪಾದ ಜಾಳಿಗೆಯನ್ನು ನಾನು ಕಂಡಿರಲಿಲ್ಲ. ಇದು ಹೊಗೆಯ ಮಸಿ ಎಂಬುದು ತಿಳಿಯಿತು. ಆದರೆ ನನ್ನ ತಲೆ ಓಡಿದ್ದು ಎತ್ತ? ‘ಈ ಹೊಗೆಗೆ ಸಾದಾ ಜಾಳಿಗೆ ಸಾಲದು’ ಎಂದು. ಅಂಗಡಿಯಿಂದ ಒಳ್ಳೆಯ ಕಾರ್ಬನ್ ಫಿಲ್ಟರ್ ತಂದೆ, ಅದರ ಹಿಂದೆ ಸಣ್ಣ ಕಣ್ಣಿನ ಇನ್ನೊಂದನ್ನು ಕೂರಿಸಿದೆ. ದಿನಾ ಮುಂಜಾನೆ ನಾನೇ ತೊಳೆದು ಹಾಕಿದೆ. ಎರಡು ದಿನದಲ್ಲಿ ಕೋಣೆಯ ಹೊಗೆವಾಸನೆ ಇಳಿಯಿತು. ಮೊದಲು ಕಣ್ಣು ಉರಿದು ಸುನಂದಾ ಆಗಾಗ ಬಾಗಿಲು ತೆರೆದಿಡುತ್ತಿದ್ದಳು, ಈಗ ಅದೂ ಬೇಕಾಗಲಿಲ್ಲ. "ನೋಡ್ರಿ, ಎಂಥಾ ಗಾಳಿ ಮಾಡೇನಿ" ಎಂದು ಎದೆ ಸೆಟೆಸಿಕೊಂಡು ಓಡಾಡಿದೆ. ಎಚ್ಚರ ಕೊಡುತ್ತಿದ್ದ ವಾಸನೆಯೊಂದಿತ್ತು, ಅದರ ಬಾಯಿಗೂ ನಾನೇ ಬಟ್ಟೆ ತುರುಕಿದ್ದೆ.

ಅಲ್ಲಿಂದ ಮನೆಯಲ್ಲಿ ಏನೋ ಸರಿಯಿಲ್ಲದಾಯಿತು. ಅಕ್ಷತಾಗೆ ತಲೆನೋವು ಹತ್ತಿತು. ಅಂಟಿನ ಉಂಡಿ ತಿಂದರೆ ವಾಂತಿ ಬಂದಂತಾಗುತ್ತದೆ ಎನ್ನುತ್ತಿದ್ದಳು. "ಬಾಣಂತಿಗೆ ಹಂಗ ಆಗತೈತಿ" ಎಂದು ಅವ್ವ ಅಂದಳು. ಅವ್ವನೂ ಕೋಣೆಯಿಂದ ಹೊರಗೆ ಬರುವಾಗ ಗೋಡೆ ಹಿಡಿಯಹತ್ತಿದಳು. "ಏನವ್ವಾ?" ಎಂದರೆ "ಏನಿಲ್ಲೋ, ಕಣ್ಣಿಗೆ ಕತ್ತಲಿ ಬಂದಂಗಾತು, ವಯಸ್ಸಾತಲ್ಲ" ಎನ್ನುವಳು. ಒಂದು ದಿನ ಕೂಸಿಗೆ ಸೂಜಿ ಹಾಕಿಸಲಿಕ್ಕೆಂದು ಆಟೋದಲ್ಲಿ ದವಾಖಾನೆಗೆ ಹೋದೆವು. ಆ ಧೂಳು, ಆ ಬಿಸಿಲಿನಲ್ಲಿ ಅಕ್ಷತಾ ಅರಳಿದ ಹೂವಿನಂತೆ ಕುಳಿತಿದ್ದಳು. "ಅಪ್ಪಾ, ತಲಿನೋವು ಹ್ವಾತು ನೋಡು" ಎಂದಳು. ಮನೆಗೆ ಬಂದು ಕೋಣೆ ಹೊಕ್ಕ ಒಂದು ತಾಸಿಗೆ ಮತ್ತೆ ತಲೆ ಹಿಡಿದುಕೊಂಡಳು. ಇಷ್ಟು ಕಣ್ಣಿಗೆ ರಾಚುವ ಮಾತು ನನಗೆ ಹೊಳೆಯಲಿಲ್ಲ. ಬಿಸಿಲು ತಾಗಿತೆಂದು ಎ.ಸಿ.ಯನ್ನು ಇನ್ನೂ ಒಂದು ಗುಂಡಿ ಏರಿಸಿದೆ.

ಕೂಸು ಬಹಳ ಮಲಗುತ್ತಿತ್ತು. ನೋಡಲು ಬಂದವರು, "ಎಷ್ಟ ಶಾಣ್ಯಾ ಕೂಸು, ಅಳೂದ ಇಲ್ಲಲ್ರಿ" ಎಂದು ಹೊಗಳುವರು. ತಾಯಿಯ ಮುಖವೂ ಕೂಸಿನ ಮುಖವೂ ಕೆಂಪಗಿದ್ದವು. "ಬಾಣಂತನಾ ಛಲೋ ಆಗೇತಿ, ಮಾರಿ ಹೆಂಗ ರಂಗೇರೇತಿ ನೋಡ್ರಿ" ಎಂದು ಸುನಂದಾಳ ಅಕ್ಕ ಶಾಂತಕ್ಕ ಅಂದದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವಳು ಹೋದ ಮೇಲೆ ಅವ್ವ ದೃಷ್ಟಿ ತೆಗೆದಳು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಅದೇ ಶೆಗಡಿಗೆ ಹಾಕಿದಳು. ಮೆಣಸಿನಕಾಯಿ ಸುಟ್ಟರೆ ಮನೆಮಂದಿ ಕೆಮ್ಮಿ ಹೊರಗೆ ಓಡಬೇಕು. ಅಂದು ಒಂದಿಷ್ಟು ಗಂಟಲು ಕೆರೆಯಿತು, ಅಷ್ಟೇ. ಘಾಟು ಬರದಿದ್ದರೆ ದೃಷ್ಟಿ ಬಲವಾಗಿ ತಾಗಿದೆ ಎಂದು ಲೆಕ್ಕ. ಅವ್ವನ ಮುಖ ಇಳಿಯಿತು.

"ತಮ್ಮಾ, ಇದು ಸುಮ್ಮನ ದೃಷ್ಟಿ ಅಲ್ಲೋ. ಈ ಕೋಣ್ಯಾಗ ಏನೋ ಹೊಕ್ಕೇತಿ. ನನಗ ಜೀವ ನಿಲ್ಲವಲ್ದು."

ನಾನು ಗಹಗಹಿಸಿ ನಕ್ಕೆ. "ಏನೂ ಹೊಕ್ಕಿಲ್ಲವಾ, ನನ್ನ ಫಿಲ್ಟರ್ ಕೆಲಸಾ ಮಾಡಾಕತ್ತೈತಿ. ಮೆಣಸಿನಕಾಯಿ ಘಾಟನ್ನೂ ಹಿಡದು ಹಾಕೇತಿ ನೋಡು!" ಎಂದೆ. ಆ ಕೋಣೆಯಲ್ಲಿ ಏನೋ ಹೊಕ್ಕಿದೆ ಎಂದು ಕಂಡುಕೊಂಡವಳು ಮೂರನೆಯ ಇಯತ್ತೆ ಓದಿದ ನನ್ನ ತಾಯಿ. ನಕ್ಕವನು ನಾನು.

ಅದಾಗಿ ಎರಡು ದಿನಕ್ಕೆ, ಮುಂಜಾನೆ, ಮಾಳಮಡ್ಡಿಯ ಒಬ್ಬ ನಿವೃತ್ತ ವಿಜ್ಞಾನ ಮಾಸ್ತರರ ಮನೆಗೆ ಸರ್ವಿಸಿಗೆ ಹೋಗಿದ್ದೆ. ಹೊರಡುವಾಗ ಮನೆಯ ಫಿಲ್ಟರ್ ತೊಳೆದು ಹಾಕಿದ್ದೆ, ಉಗುರಿನ ಸಂದಿಯಲ್ಲಿ ಕರಿ ಹಾಗೇ ಇತ್ತು. ಮಾಸ್ತರರು ಪಕ್ಕಕ್ಕೆ ನಿಂತು ಒಂದೊಂದೇ ಪ್ರಶ್ನೆ ಕೇಳುವವರು.

"ಏನಪಾ, ನಿನ್ನ ಜಾಳಗಿ ಧೂಳ ಹಿಡೀತದ, ವಾಸನಿ ಹಿಡೀತದ, ಎಲ್ಲಾ ಛಲೋ ಆತು. ಹೊಸಾ ಗಾಳಿ ಎಲ್ಲಿಂದ ತರ್ತದ?"

"ಎಲ್ಲಿಂದ್ಲೂ ತರೂದಿಲ್ರಿ ಸರ. ಒಳಗಿನ ಗಾಳೀನ ತಿರುವಿ ತಿರುವಿ ಕೊಡತೈತಿ" ಎಂದೆ. ಸಾವಿರ ಸಲ ಹೇಳಿದ ಮಾತು, ಬಾಯಿಪಾಠವಾಗಿತ್ತು.

"ಅಂದ್ರ ನಾ ಬಿಟ್ಟ ಉಸರ ನಾನ ತಗೋತೇನಿ ಅನ್ನು" ಎಂದು ಮಾಸ್ತರರು ನಕ್ಕರು.

ನಾನೂ ನಗಬೇಕೆಂದು ಬಾಯಿ ತೆರೆದೆ. ಕಣ್ಣು ನನ್ನ ಕರಿ ಉಗುರಿನ ಮೇಲೆ ಬಿತ್ತು. ಕೆಂಡವೂ ಉಸಿರು ಬಿಡುತ್ತದಲ್ಲ! ಮಸಿ ಜಾಳಿಗೆಗೆ ಸಿಕ್ಕಿತು, ವಾಸನೆ ಕಾರ್ಬನ್ನಿಗೆ ಸಿಕ್ಕಿತು. ಉಳಿದ ಇದ್ದಿಲ ಗಾಳಿ ಎಲ್ಲಿ ಹೋಯಿತು? ಗಾಳಿಕಿಂಡಿಗೆ ಟೇಪು, ಕಿಟಕಿಗೆ ಫೋಮು, ಬಾಗಿಲಿಗೆ ಚಾದರ. ಕೈಯಲ್ಲಿದ್ದ ಜಾಳಿಗೆ ನೆಲಕ್ಕೆ ಬಿತ್ತು.

ಅಕ್ಷತಾಗೆ ಫೋನು ಮಾಡಿದೆ, ಎತ್ತಲಿಲ್ಲ. ಸುನಂದಾಗೆ ಮಾಡಿದೆ, ಎತ್ತಲಿಲ್ಲ. ಮಾಸ್ತರರ ಕೈಗೆ ಸುನಂದಾಳ ನಂಬರು ಬರೆದುಕೊಟ್ಟು, "ಸರ, ಎತ್ತೂತನಾ ಹಚಗೋತ ಇರ್ರಿ. ಕೋಣಿ ಬಾಗಲಾ ತಗಿ, ಎಲ್ಲಾರನ್ನೂ ಹೊರಗ ತಾ ಅಂತ ಹೇಳ್ರಿ" ಎಂದು ಗಾಡಿ ಹತ್ತಿದೆ. ಧಾರವಾಡದಿಂದ ಉಣಕಲ್ಲಿಗೆ ಸಾವಿರ ಸಲ ಬಂದಿದ್ದೇನೆ, ಆ ದಿನದ ರಸ್ತೆಯಲ್ಲಿ ನನಗೆ ನೆನಪಿರುವುದು ಕೆಂಪು ಸಿಗ್ನಲ್ಲುಗಳು ಮಾತ್ರ. ಬೈದವರೆಷ್ಟೋ, ಹಾರ್ನು ಹಾಕಿದವರೆಷ್ಟೋ. ‘ಶಿವನೇ, ಒಂದು ಸಲ ಕೂಸು ಅಳಲಿ, ಒಂದೇ ಸಲ ಅಳಲಿ’ ಎಂದು ಬೇಡಿಕೊಳ್ಳುತ್ತ ಬಂದೆ.

ಸುನಂದಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಗಿರಣಿಯ ಸದ್ದಿನಲ್ಲಿ ಫೋನು ಕೇಳಿಸಿರಲಿಲ್ಲ. ಡಬ್ಬಿ ಹೊತ್ತು ಹೊರಗೆ ಬಂದಾಗ ಮಾಸ್ತರರ ಕರೆ ಕೇಳಿಸಿತು. ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದಳು. ಕೋಣೆಯ ಬಾಗಿಲನ್ನು ನೂಕಿದರೆ ಮೂವರೂ ನಿದ್ದೆಹೋದಂತೆ ಇದ್ದರಂತೆ. ಮಷೀನು ತಣ್ಣಗೆ ಓಡುತ್ತಿತ್ತಂತೆ. ಮೊದಲು ಕೂಸನ್ನು ಎತ್ತಿ ಕಟ್ಟೆಗೆ ತಂದಳು, ಆಮೇಲೆ ಅಕ್ಷತಾಳ ಬಗಲಲ್ಲಿ ಕೈಹಾಕಿ ಎಳೆದುಕೊಂಡು ಬಂದಳು. ಮೂರನೆಯವಳನ್ನು ತರಲು ತಿರುಗಿದಾಗ ಅವಳಿಗೇ ತಲೆ ಸುತ್ತಿ ಬಾಗಿಲಲ್ಲಿ ಕುಸಿದಳು.

ನಾನು ಓಣಿಯ ತಿರುವಿನಲ್ಲಿದ್ದಾಗಲೇ ಕೂಸು ಅಳುವುದು ಕೇಳಿಸಿತು. ಸಣ್ಣ ದನಿ, ಹರಿದ ದನಿ, ಆದರೂ ಅಳು. ಅಕ್ಷತಾ ಕಟ್ಟೆಯ ಮೇಲೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಓಣಿಯಲ್ಲಿ ಪೈಪು ಹಾಕುತ್ತಿದ್ದ ಆಳುಗಳು ಆಗಷ್ಟೇ ಓಡಿಬಂದು ಸುನಂದಾಳನ್ನು ಬಾಗಿಲಿನಿಂದ ಈಚೆಗೆ ಎಳೆದು ನೀರು ತಂದಿದ್ದರು. ನಾನು ಒಳಗೆ ಹೋಗಿ ಕಿಟಕಿಯ ಗಾಜು ಒಡೆದೆ. ಅವ್ವ ಹೊರಸಿನ ಪಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಕೆನ್ನೆ ಕೆಂಪಗಿತ್ತು, ಅಷ್ಟು ಆರೋಗ್ಯವಾಗಿ ಅವಳು ಎಂದೂ ಕಂಡಿರಲಿಲ್ಲ. ಎತ್ತಿಕೊಂಡೆ. ಕೈ ಜೋತುಬಿತ್ತು.

ದವಾಖಾನೆಯಲ್ಲಿ ತಾಯಿಗೂ ಕೂಸಿಗೂ ಆಕ್ಸಿಜನ್ ಹಚ್ಚಿದರು. ಸಂಜೆಯ ಹೊತ್ತಿಗೆ ಇಬ್ಬರಿಗೂ ಅಪಾಯವಿಲ್ಲ ಎಂದರು. ಅವ್ವನ ಕೈ ಹಿಡಿದು ನೋಡಿದ ಡಾಕ್ಟರು ನನ್ನನ್ನೂ ಸುನಂದಾಳನ್ನೂ ಪಕ್ಕಕ್ಕೆ ಕರೆದರು.

"ಇದ್ದಲಿ ಉರಿದಾಗ ಬರೂ ಗ್ಯಾಸ್‌ರಿ ಇದು. ಬಣ್ಣ ಇಲ್ಲ, ವಾಸನಿ ಇಲ್ಲ. ಯಾವ ಫಿಲ್ಟರಿಗೂ ಸಿಗೂದಿಲ್ಲ. ಒಂದು ಕಿಡಕಿ ತೆರದಿದ್ರ ಸಾಕಿತ್ತು."

ಗರಗದಲ್ಲಿ ಅವ್ವನನ್ನು ಮಣ್ಣು ಮಾಡಿ ಬಂದೆವು. ಡಾಕ್ಟರ ಮಾತು ಕೇಳಿದವರು ಸುನಂದಾ ಮತ್ತು ನಾನು ಇಬ್ಬರೇ. ಯಾರಿಗೂ ಹೇಳುವುದು ಬೇಡ ಎಂದುಕೊಂಡೆವು. ಅಕ್ಷತಾಗಂತೂ ಹೇಳಲೇಬಾರದು, ಹಸಿ ಮೈಯವಳು, ಹಾಲು ಬತ್ತೀತು. ಊರವರು ಬೀಗರು ಎಲ್ಲರೂ ಎ.ಸಿ.ಯ ಮೇಲೆ ಹಾಕಿದರು. "ಎ.ಸಿ. ಗಾಳಿ ಬಡದು ಮುದುಕಿ ಹ್ವಾತು. ಎಂಥಾ ಮನಿಹಾಳ ಮಷೀನು ತಂದಿಟ್ಟನೋ" ಎಂದರು. ಬೈಸಿಕೊಂಡೆ. ಖರೇ ಹೇಳುತ್ತೇನೆ, ಬೈಸಿಕೊಳ್ಳುವಾಗ ಒಳಗೊಳಗೆ ನಾನು ದೊಡ್ಡ ಮನುಷ್ಯನಾದಂತೆ ಅನ್ನಿಸುತ್ತಿತ್ತು. ಕೆಂಡ ಇಟ್ಟವಳು ಅವ್ವ, ಅವಳ ಹೆಸರು ಕೆಡದಂತೆ ಮಗ ತಲೆ ಕೊಟ್ಟಿದ್ದಾನೆ ಎಂದು. ಅವಳು ನನ್ನ ಮಾತು ಕೇಳಿ ಎರಡೇ ಹೊತ್ತು ಕೆಂಡ ಇಟ್ಟಿದ್ದರೆ, ಎಂದು ಮನಸ್ಸಿನಲ್ಲೇ ಅವಳ ಮೇಲೆ ಸಿಟ್ಟೂ ಇತ್ತು.

ಅವ್ವನ ಹೆಸರಿನ ಶಿವಗಣಾರಾಧನೆಯ ದಿನ ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕುಳಿತಿದ್ದೆವು. ಶಾಂತಕ್ಕನ ಮಗಳು ಎಂಟು ತಿಂಗಳ ಬಸುರಿ, ಅವಳೂ ಬಂದಿದ್ದಳು. ಶಾಂತಕ್ಕ ಅವಳ ಬೆನ್ನು ಸವರುತ್ತ ಅಂದಳು.

"ನಮ್ಮ ಹುಡುಗಿಗೆ ಎ.ಸಿ. ಗೀಸಿ ಬ್ಯಾಡವಾ ಯವ್ವಾ. ಕಿಡಕಿ ಬಾಗಲಾ ಭದ್ರ ಮುಚ್ಚಿ, ಹೊರಸಿನ ಕೆಳಗ ದಿನಾನೂ ಕೆಂಡಾ ಇಟ್ಟು, ಸುನಂದಾನ ಅತ್ತಿಯವ್ವ ಮಾಡಿಧಂಗ ಮಾಡ್ತೇನಿ."

ಆ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಲೆ ಆಡಿಸಿದಳು. ಸುನಂದಾ ನನ್ನ ಮುಖ ನೋಡಿದಳು. ಸುಮ್ಮನಿದ್ದರೆ ಅವ್ವನ ಹೆಸರು ಉಳಿಯುತ್ತದೆ, ಬರುವ ತಿಂಗಳು ಈ ಹುಡುಗಿಯ ಕೋಣೆಯ ಬಾಗಿಲನ್ನು ಯಾರೋ ನೂಕಬೇಕಾಗುತ್ತದೆ.

"ಎ.ಸಿ. ಅಲ್ರಿ ಶಾಂತಕ್ಕಾ" ಎಂದೆ. "ಕೆಂಡ. ಅವ್ವ ಇಟ್ಟ ಕೆಂಡ. ಇದ್ದಲಿ ಗ್ಯಾಸಿನಿಂದ ಹ್ವಾದ್ಲು ಅಂತ ಡಾಕ್ಟರ ಹೇಳ್ಯಾರ. ಮುಚ್ಚಿದ ಕೋಣ್ಯಾಗ ಕೆಂಡಾ ಇಡಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ."

ನಮ್ಮ ಕಾಕಾ ಎದ್ದು ನಿಂತರು. "ಸತ್ತ ತಾಯಿ ಮ್ಯಾಲ ಹಾಕ್ತೀಯೇನೋ? ನೀ ತಂದ ಮಷೀನಿನ ತಪ್ಪಿಗೆ ಹಡದವ್ವನ್ನ ಮುಂದ ಮಾಡ್ತೀಯಾ? ಥೂ!"

"ಕಾಕಾ, ಖರೇನ ಹೇಳಾಕತ್ತೇನಿ. ಅಕಿ ಯಾರ ಮಾತ ಕೇಳ್ತಿದ್ಲ್ರಿ? ಕೆಂಡಾ ಕಡಿಮಿ ಮಾಡು ಅಂದ್ರ ಕೇಳಲಿಲ್ಲ..."

"ಅಪ್ಪಾ."

ಅಕ್ಷತಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೂಸು ಹೆಗಲ ಮೇಲಿತ್ತು. ದವಾಖಾನೆಯಿಂದ ಬಂದಾಗಿನಿಂದ ಅವಳು ಸರಿಯಾಗಿ ನಾಲ್ಕು ಮಾತು ಆಡಿರಲಿಲ್ಲ.

"ಆಯಿಗೆ ಏನೂ ಅನಬ್ಯಾಡಪ್ಪಾ. ಅವತ್ತ ಆಯಿಗೆ ಗೊತ್ತಾಗಿತ್ತು. ಉಸರ ಕಟ್ಟಾಕತ್ತೈತವಾ, ಕಿಡಕಿ ತಗೀತೇನಿ ಅಂತ ಎದ್ಲು. ಕಿಡಕಿ ಮಟಾ ಹೋಗಿದ್ಲು. ನಾನ ಆಕಿ ಸೆರಗ ಹಿಡದು ಜಗ್ಗಿದೆ. ಬ್ಯಾಡ ಆಯಿ, ಅಪ್ಪ ಬೈತಾನ, ಕೂಸಿನ ಎದಿಗೆ ಮಣ್ಣ ಹೋಗತೈತಂತ ಹೇಳ್ಯಾನ ಅಂದೆ." ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಆಕಿ ಸ್ವಲ್ಪ ಹೊತ್ತ ಅಲ್ಲೇ ನಿಂತ್ಲಪ್ಪಾ. ಆಮ್ಯಾಲ, ಹೌದು, ನನ್ನ ಮಗಗ ಗಾಳಿ ವಿಷಯ ನನಗಿಂತ ಛಲೋ ಗೊತ್ತೈತಿ ಅಂದು, ವಾಪಸ್ ಬಂದು ಗ್ವಾಡಿಗೆ ಒರಗಿ ಕುಂತ್ಲು."

ಜೀವಮಾನದಲ್ಲಿ ಅವ್ವ ನನ್ನ ಮಾತು ಕೇಳಿದ್ದು ಅದೊಂದೇ ಸಲ.